ಐಪಿವಿ ಅಂತ ಹುಡುಕಿದರೆ ಪೋಲಿಯೊ ಲಸಿಕೆ ಬಂತು

ಅಭಿವೃದ್ಧಿಶೀಲ ದೇಶಗಳಲ್ಲಿ ಲಿಂಗಾಧಾರಿತ ದೌರ್ಜನ್ಯದ ಬಗ್ಗೆ ಎಷ್ಟು ಸಂಶೋಧನೆ ನಡೆದಿದೆ, ಯಾರು ನಡೆಸಿದ್ದಾರೆ ಎಂದು ಲೆಕ್ಕ ಹಾಕಲು ಕೂತಾಗ ಇದು ವಾರದ ಕೆಲಸ ಅಂದುಕೊಂಡಿದ್ದೆ. ಸಂಶೋಧನಾ ಲೇಖನಗಳ ವಿವರ ಸಿಗುವ ಸ್ಕೋಪಸ್ ಎಂಬ ಡೇಟಾಬೇಸಿನಲ್ಲಿ ಕೀವರ್ಡ್ ಹಾಕಿ, ಫೈಲ್ ಇಳಿಸಿಕೊಂಡು, ಗ್ರಾಫ್ ಬರೆದರೆ ಮುಗಿಯಿತಲ್ಲ!

ಇಳಿಸಿಕೊಂಡ ಪಟ್ಟಿಯ ಶೀರ್ಷಿಕೆ ಓದುತ್ತಾ ಹೋದರೆ ಪೋಲಿಯೊ ಲಸಿಕೆ, ಮತ್ತೆ ಪೋಲಿಯೊ ಲಸಿಕೆ. ಸಂಗಾತಿಯಿಂದಾಗುವ ದೌರ್ಜನ್ಯವನ್ನು ಇಂಗ್ಲಿಷಿನಲ್ಲಿ ಚಿಕ್ಕದಾಗಿ ಐಪಿವಿ ಅನ್ನುತ್ತಾರೆ. ನಿಷ್ಕ್ರಿಯ ಪೋಲಿಯೊ ಲಸಿಕೆಗೂ ಅದೇ ಮೂರಕ್ಷರ. ಲಿಂಗಾಧಾರಿತ ದೌರ್ಜನ್ಯದ ಇಂಗ್ಲಿಷ್ ಸಂಕ್ಷೇಪ ಜಿಬಿವಿ. ಅದು ಒಂದು ವೈರಸ್‌ನ ಹೆಸರು ಕೂಡ ಹೌದು. ದೇಶಗಳ ಹೆಸರಂತೂ ಇನ್ನೂ ತಮಾಷೆ. ಜಾರ್ಜಿಯಾ ಎಂದರೆ ಅಮೆರಿಕದ ರಾಜ್ಯ ನುಗ್ಗುತ್ತದೆ, ಗಿನಿ ಎಂದರೆ ಪಪುವಾ ನ್ಯೂ ಗಿನಿ, ನೈಜರ್ ಎಂದರೆ ನೈಜೀರಿಯಾದ ನೈಜರ್ ಡೆಲ್ಟಾ. ಸಂಕ್ಷೇಪಗಳನ್ನೆಲ್ಲ ಕಿತ್ತುಹಾಕಿ ಪೂರ್ಣ ಪದಗಳನ್ನೇ ಕೊಟ್ಟೆ. ದೇಶಗಳನ್ನು ಒಂದೊಂದಾಗಿ ಕೈಯಲ್ಲೇ ಜರಡಿ ಹಿಡಿದೆ.

ಬೇಡದ್ದು ಬಂದರೆ ಕಣ್ಣಿಗೆ ಬೀಳುತ್ತದೆ, ತೆಗೆಯಬಹುದು. ಬರಬೇಕಾದದ್ದು ಬರದೇ ಹೋದರೆ ಗೊತ್ತೇ ಆಗುವುದಿಲ್ಲ. ನಾನು ಮೊದಲು 'ಜೆಂಡರ್ ಬೇಸ್ಡ್ ವಯಲೆನ್ಸ್' ಒಂದನ್ನೇ ನೆಚ್ಚಿಕೊಂಡಿದ್ದೆ. ಗ್ರಾಫ್ ಇತ್ತೀಚಿನ ವರ್ಷಗಳಲ್ಲಿ ಸರ್ರನೆ ಮೇಲೇರಿತು, ಖುಷಿಯೂ ಆಯಿತು. ಆದರೆ ಹಳೆಯ ಲೇಖನಗಳಲ್ಲಿ ಇದೇ ವಿಷಯಕ್ಕೆ 'ವೈಫ್ ಬೀಟಿಂಗ್', 'ಬ್ಯಾಟರ್ಡ್ ವಿಮೆನ್' ಎಂಬ ಪದಗಳಿವೆ. 'ಜೆಂಡರ್ ಬೇಸ್ಡ್ ವಯಲೆನ್ಸ್' ಎಂಬ ಮಾತನ್ನು ಬಳಸಿದ, ಮಹಿಳೆಯರ ಮೇಲಿನ ಹಿಂಸೆಯ ನಿರ್ಮೂಲನೆ ಕುರಿತ ವಿಶ್ವಸಂಸ್ಥೆಯ ಘೋಷಣೆ ಬಂದದ್ದೇ 1993ರಲ್ಲಿ. ಅಂದರೆ ನನ್ನ ಗ್ರಾಫಿನಲ್ಲಿ ಏರಿದ್ದರಲ್ಲಿ ಒಂದು ಪಾಲು ಸಂಶೋಧನೆಯದ್ದಲ್ಲ, ಪದದ್ದು. ಹಳೆಯ ಹೆಸರುಗಳು, ವರದಕ್ಷಿಣೆ ಸಾವು, ಆ್ಯಸಿಡ್ ದಾಳಿ, ಮರ್ಯಾದೆಗೇಡು ಹತ್ಯೆ, ಸ್ಪ್ಯಾನಿಷಿನ 'ಫೆಮಿನಿಸಿಡಿಯೊ' (ಹೆಣ್ಣೆಂಬ ಕಾರಣಕ್ಕೆ ನಡೆಯುವ ಹತ್ಯೆ) ಎಲ್ಲ ಸೇರಿಸಿದ ಮೇಲೆ ಗೆರೆಯ ಏರು ತಗ್ಗಿತು. ಬ್ರೆಜಿಲ್‌ನಲ್ಲಿ ಶುರುವಾದ ಸೈಲೋ, ಆಫ್ರಿಕದ ಪತ್ರಿಕೆಗಳ ಎಜೆಒಎಲ್ ಎಂಬ ಆನ್‌ಲೈನ್ ಲೇಖನ ಸಂಗ್ರಹಗಳೆರಡನ್ನೂ ಬೇರೆಯಾಗಿ ಜಾಲಾಡಿದೆ. ಅಲ್ಲಿನ ಎಷ್ಟೋ ಪತ್ರಿಕೆಗಳು ಸ್ಕೋಪಸ್‌ನಲ್ಲಿಲ್ಲ.

ಲೈಡನ್ ವಿಶ್ವವಿದ್ಯಾಲಯದವರ ವಾಸ್‌ವ್ಯೂವರ್ ಎಂಬ ತಂತ್ರಾಂಶದಲ್ಲಿ, ಯಾವ ಪದ ಯಾವುದರ ಜೊತೆ ಬರುತ್ತದೆ ಎಂದು ತೋರಿಸುವ ನಕ್ಷೆ ಮಾಡಿದಾಗ ನಟ್ಟನಡುವೆ ದೊಡ್ಡದಾಗಿ ಕೂತದ್ದು 'ಹ್ಯೂಮನ್', 'ಫೀಮೇಲ್', 'ಆರ್ಟಿಕಲ್'. ಅವು ಡೇಟಾಬೇಸಿನವರು ಅಂಟಿಸಿದ ಸೂಚಿಪದಗಳು. ಲೇಖಕರೇ ಕೊಟ್ಟ ಕೀವರ್ಡ್‌ಗಳನ್ನಷ್ಟೇ ಇಟ್ಟುಕೊಂಡೆ.

ತಲೆನೋವು ತಂದದ್ದು ದೇಶವಾರು ಲೆಕ್ಕ. ಡೇಟಾಬೇಸ್ ಕೊಡುವುದು ಲೇಖಕರು ದುಡಿಯುವ ಸಂಸ್ಥೆಯ ವಿಳಾಸ, ಅಧ್ಯಯನ ನಡೆದ ಜಾಗವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ವರದಿ ಹೊರತಂದ ಅಧ್ಯಯನವನ್ನೇ ನೋಡಿ: ಬಾಂಗ್ಲಾದೇಶ, ಇಥಿಯೋಪಿಯಾ, ಪೆರು ಸೇರಿ 10 ದೇಶಗಳಲ್ಲಿ 24 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಮಾತಾಡಿಸಿದ್ದರು. ಅದರಿಂದ ಹುಟ್ಟಿದ ಲೇಖನದಲ್ಲಿ ಜಿನೀವಾದ ವಿಳಾಸವಿದ್ದರೆ ಅಂಕ ಸ್ವಿಟ್ಜರ್ಲೆಂಡ್ ಖಾತೆಗೆ! ಮೂರು ದೇಶದವರು ಕೂಡಿ ಬರೆದ ಲೇಖನಕ್ಕೆ ಪ್ರತಿ ದೇಶಕ್ಕೂ ಒಂದೊಂದು ಕೊಡಬೇಕೋ, ಮೂರರಲ್ಲೊಂದು ಪಾಲು ಕೊಡಬೇಕೋ ಎಂಬುದು ಇನ್ನೊಂದು ಗೋಳು. ಎರಡೂ ಬಗೆಯಲ್ಲಿ ಎಣಿಸಿದೆ. ಪಾಲು ಹಾಕಿದ ಲೆಕ್ಕವೇ ನನಗೆ ನ್ಯಾಯ ಅನ್ನಿಸಿತು.

ಕೊನೆಗೆ 'ಅಧ್ಯಯನದ ಜಾಗ' ಅಂತ ಹೊಸ ಕಾಲಮ್ ಹಾಕಿ, ಸಾರಾಂಶ ಓದಿ ಓದಿ ತುಂಬುತ್ತಿದ್ದೇನೆ. ದೇಶದ ಹೆಸರಿಲ್ಲದೆ ಬರೀ 'ಸಬ್-ಸಹಾರನ್ ಆಫ್ರಿಕಾ' ಅಂತ ಬರೆದು ಬಿಟ್ಟವಕ್ಕೆ ಪೂರ್ತಿ ಲೇಖನವನ್ನೇ ತೆರೆಯಬೇಕು. ಅಂಥವು ಇನ್ನೂ ಒಂದು ರಾಶಿ ಉಳಿದಿವೆ.