ಮುಖ ಹುಡುಕಲು ಹೋಗಿ ಟ್ಯೂಬ್‌ಲೈಟ್ ಹುಡುಕಿದ ಕಥೆ

ಡೊಂಬಿವಲಿಯ ನಮ್ಮ ಸಂಘದ ಕಪಾಟಿನಲ್ಲಿ ಮೂರು ಡಬ್ಬ ಹಳೆ ಫೋಟೋ ಇದ್ದವು. ನಾಟಕ, ಯಕ್ಷಗಾನ, ರಾಜ್ಯೋತ್ಸವ, ಯಾರದೋ ಸನ್ಮಾನ. ಹಿಂದೆ ಹೆಸರು ಬರೆದದ್ದು ತೀರಾ ಕಡಿಮೆ. ಸ್ಮರಣ ಸಂಚಿಕೆ ತರುವುದು ಅಂತ ತೀರ್ಮಾನವಾದ ದಿನ ಕಾರ್ಯದರ್ಶಿಗಳು ನನ್ನ ಕಡೆ ತಿರುಗಿದರು. "ನೀವು ಕಂಪ್ಯೂಟರ್‌ನವರಲ್ವಾ ಮಾರಾಯ್ರೆ, ಅದು ಮುಖ ಗುರುತು ಹಿಡೀತದಂತೆ." ನಾನು ಅಂಧೇರಿಯ ಒಂದು ಆಫೀಸಿನಲ್ಲಿ ಇನ್ಶೂರೆನ್ಸ್ ಲೆಕ್ಕ ಹಾಕುವವನು, ಮುಖಗಳ ಸಹವಾಸವೇ ಇರಲಿಲ್ಲ. ಆದರೂ ಹೂಂ ಅಂದೆ.

ಈಗಿನ ನ್ಯೂರಲ್ ನೆಟ್‌ವರ್ಕ್ ಒಂದನ್ನು ಇಳಿಸಿಕೊಂಡು ಓಡಿಸಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ತಪ್ಪು ಹೆಸರು ಅಚ್ಚಾದರೆ ಬೈಸಿಕೊಳ್ಳುವವನು ನಾನು. ಯಾಕೆ ತಪ್ಪಾಯಿತು ಅಂತ ಕಣ್ಣಿಗೆ ಕಾಣುವ ವಿಧಾನ ಬೇಕಿತ್ತು. ಹಾಗಾಗಿ ಐಗನ್‌ಫೇಸ್ ಅನ್ನುವ ಹಳೆಯ ವಿಧಾನಕ್ಕೆ ಹೋದೆ. ಸಿರೊವಿಚ್ ಮತ್ತು ಕರ್ಬಿ ಅನ್ನುವ ಸಂಶೋಧಕರು 1987ರಲ್ಲಿ ಮುಖಗಳನ್ನು ಕೆಲವೇ ಅಂಕಿಗಳಲ್ಲಿ ಹಿಡಿದಿಡಬಹುದು ಅಂತ ತೋರಿಸಿದ್ದರು, 1991ರಲ್ಲಿ ಎಂಐಟಿಯ ಟರ್ಕ್ ಮತ್ತು ಪೆಂಟ್‌ಲ್ಯಾಂಡ್ ಅದನ್ನೇ ಗುರುತು ಹಿಡಿಯಲು ಬಳಸಿದರು. ಲೆಕ್ಕ ಮಾತ್ರ ಇನ್ನೂ ಹಳೆಯದು, ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ 1901ರಲ್ಲೇ ಬರೆದಿಟ್ಟದ್ದು.

ವಿಷಯ ಇಷ್ಟೆ. 92 ಚುಕ್ಕಿ (ಪಿಕ್ಸೆಲ್) ಅಗಲ, 112 ಚುಕ್ಕಿ ಎತ್ತರದ ಕಪ್ಪುಬಿಳುಪು ಫೋಟೋ ಅಂದರೆ, ಚುಕ್ಕಿಗೊಂದರಂತೆ 10,304 ಅಂಕಿಗಳ ಒಂದು ಉದ್ದ ಸಾಲು. ಎಲ್ಲ ಸಾಲುಗಳ ಸರಾಸರಿ ತೆಗೆದರೆ ಒಂದು ಸರಾಸರಿ ಮುಖ ಬರುತ್ತದೆ. ಪ್ರತಿ ಮುಖ ಈ ಸರಾಸರಿಯಿಂದ ಎಷ್ಟು, ಯಾವ ದಿಕ್ಕಿಗೆ ಸರಿದಿದೆ ಅಂತ ನೋಡಬೇಕು. ಎಲ್ಲಕ್ಕಿಂತ ಜಾಸ್ತಿ ಹರಡಿಕೊಂಡ ದಿಕ್ಕು ಮೊದಲನೆಯದು, ಆಮೇಲಿನದು ಎರಡನೆಯದು, ಹೀಗೆ. ನೂರು ದಿಕ್ಕು ಇಟ್ಟುಕೊಂಡರೆ, ದಿಕ್ಕಿಗೊಂದು ಅಂಕಿಯಂತೆ, ಹತ್ತು ಸಾವಿರ ಅಂಕಿ ನೂರಕ್ಕೆ ಇಳಿಯುತ್ತದೆ. ಹೊಸ ಮುಖದ ಅಂಕಿಗಳಿಗೆ ಯಾರ ಅಂಕಿಗಳು ಹತ್ತಿರವೋ ಅವರ ಹೆಸರು ಇಡುವುದು. ಈ ದಿಕ್ಕುಗಳನ್ನು ಹುಡುಕಲು ಬೇಕಾದ 10,304ರ ಚೌಕ ಮ್ಯಾಟ್ರಿಕ್ಸ್ (ಅಂಕಿಗಳ ಪಟ್ಟಿ) ನೋಡಿದರೆ ನನ್ನ ಹಳೆ ಲ್ಯಾಪ್‌ಟಾಪ್ ಮಲಗಿಬಿಡುತ್ತಿತ್ತು, ಆದರೆ ಫೋಟೋಗಳು 600 ಇದ್ದರೆ 600ರ ಮ್ಯಾಟ್ರಿಕ್ಸ್‌ನಲ್ಲೇ ಅದೇ ಉತ್ತರ ತೆಗೆಯುವ ಒಂದು ಉಪಾಯ ಇದೆ.

ಮೊದಲು ಕೇಂಬ್ರಿಜ್‌ನ ಓಆರ್‌ಎಲ್ ಅನ್ನುವ ಸಂಶೋಧನಾಲಯದ ಮುಖಗಳ ಸಂಗ್ರಹದ ಮೇಲೆ ಕೈ ಪಳಗಿಸಿದೆ. 40 ಜನ, ತಲಾ 10 ಫೋಟೋ. ಐದರಲ್ಲಿ ಕಲಿಸಿ ಐದರಲ್ಲಿ ಪರೀಕ್ಷೆ ಮಾಡಿದರೆ ಹತ್ತಕ್ಕೆ ಒಂಬತ್ತು ಸರಿ. ಖುಷಿಯೋ ಖುಷಿ. ನಮ್ಮ ಡಬ್ಬದ ಫೋಟೋಗಳಿಗೆ ಹಾಕಿದೆ, ಹತ್ತಕ್ಕೆ ನಾಲ್ಕೂ ಇಲ್ಲ! ಸರಾಸರಿ ಮುಖವನ್ನು ತೆರೆಯ ಮೇಲೆ ನೋಡಿದ ಹೆಂಡತಿ "ನಿಮ್ಮ ದೊಡ್ಡಪ್ಪನ ಹಾಗೇ ಕಾಣ್ತದಲ್ಲ" ಅಂದಳು. ಮಂಜು ಮಂಜಾದ ಮುಖ, ಯಾರ ಹಾಗೆ ಬೇಕಾದರೂ ಕಾಣುತ್ತದೆ.

ಎಲ್ಲ ಮುಖಗಳನ್ನೂ ಮೊದಲ ಎರಡು ದಿಕ್ಕುಗಳ ಅಂಕಿಗಳ ಮೇಲೆ ಚುಕ್ಕಿ ಹಾಕಿ ನೋಡಿದೆ. ಚೊಕ್ಕವಾಗಿ ಎರಡು ಗುಂಪು. ಗಂಡಸರು, ಹೆಂಗಸರು ಇರಬೇಕು ಅಂದುಕೊಂಡು ಒಂದೊಂದೇ ತೆರೆದರೆ, ಅಲ್ಲ. ಅರ್ಧ ಫೋಟೋಗಳನ್ನು ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದ್ದೆ, ದುಡ್ಡು ಜಾಸ್ತಿಯಾಯಿತು ಅಂತ ಉಳಿದರ್ಧ ನಾನೇ ಮೊಬೈಲಿನಲ್ಲಿ ಹೊಡೆದಿದ್ದೆ. ಅಂಗಡಿಯವನು ಕೇಳದೆ ಎಲ್ಲವನ್ನೂ ಬೆಳ್ಳಗೆ ಮಾಡಿ ಕೊಟ್ಟಿದ್ದ. ನನ್ನ ಮಾದರಿ ಮೊಟ್ಟಮೊದಲು ಕಲಿತದ್ದು ಅಂಗಡಿ ಯಾವುದು, ಮೊಬೈಲ್ ಯಾವುದು ಅಂತ! ಎರಡನೇ ದಿಕ್ಕು ಇನ್ನೂ ಮಜಾ. ನಮ್ಮ ಹಳೆ ಹಾಲ್‌ನ ವೇದಿಕೆಗೆ ಎಡಗಡೆ ಮಾತ್ರ ಟ್ಯೂಬ್‌ಲೈಟ್ ಇತ್ತು. ಎಡಗೆನ್ನೆ ಬೆಳ್ಳಗಿರುವವರೆಲ್ಲ ಒಂದು ಕಡೆ, ಉಳಿದವರು ಇನ್ನೊಂದು ಕಡೆ.

ತಪ್ಪು ಲೆಕ್ಕದ್ದಲ್ಲ. ಜಾಸ್ತಿ ಬದಲಾಗುವುದು ಯಾವುದು ಅಂತ ಕೇಳಿದೆ, ಅದು ಬೆಳಕು ಅಂತ ಹೇಳಿತು. ಯಾರು ಯಾರು ಅಂತ ನಾನು ಕೇಳಿರಲೇ ಇಲ್ಲ.

ಆಮೇಲಿನ ಎರಡು ತಿಂಗಳು ಶನಿವಾರ ಭಾನುವಾರ ಮಾಡಿದ್ದು ಬರೀ ಕೂಲಿ ಕೆಲಸ. ಎಲ್ಲವನ್ನೂ ಮತ್ತೆ ಒಂದೇ ಸ್ಕ್ಯಾನರ್‌ನಲ್ಲಿ ಹಾಕಿದೆ. ಫೋಟೋದಲ್ಲಿ ಮುಖ ಎಲ್ಲಿದೆ ಅಂತ ಹುಡುಕಿ ಕತ್ತರಿಸಲು ವಯೋಲ-ಜೋನ್ಸ್ ವಿಧಾನ ಬಳಸಿದ್ದೆ, 2001ರದು, ಅದು ಪರದೆಯ ಮಡಿಕೆಯನ್ನೂ ಒಂದು ಟೇಬಲ್ ಫ್ಯಾನನ್ನೂ ಮುಖ ಅಂತ ಕತ್ತರಿಸಿ ಕೊಟ್ಟಿತ್ತು, ಅವನ್ನು ಕೈಯಲ್ಲೇ ತೆಗೆದೆ. ಎರಡು ಕಣ್ಣಿಗೆ ಒಂದೊಂದು ಕ್ಲಿಕ್ ಹಾಕಿ, ಎಲ್ಲರ ಕಣ್ಣೂ ಒಂದೇ ಜಾಗಕ್ಕೆ ಬರುವ ಹಾಗೆ ತಿರುಗಿಸಿದೆ. ಇದನ್ನು ಬಿಟ್ಟರೆ ಒಬ್ಬರ ಮೂಗು ಇನ್ನೊಬ್ಬರ ಹುಬ್ಬಿನ ಜೊತೆ ಹೋಲಿಕೆಯಾಗುತ್ತದೆ, ಏನು ಮಾಡಿದರೂ ದಂಡ. ಆಮೇಲೆ ಬೆಳಕು ಸಮ ಮಾಡಿ, ಮೊದಲ ಮೂರು ದಿಕ್ಕುಗಳನ್ನು ಬಿಸಾಕಿದೆ. ಹತ್ತಕ್ಕೆ ಆರು ಸರಿ ಬಂತು.

ಮುಂದಿನ ಮೆಟ್ಟಿಲು ಫಿಶರ್‌ಫೇಸ್, 1997ರದು. ಒಬ್ಬನೇ ವ್ಯಕ್ತಿಯ ಫೋಟೋಗಳ ನಡುವಿನ ವ್ಯತ್ಯಾಸ ಕಡಿಮೆ ಇರಬೇಕು, ಬೇರೆ ಬೇರೆ ಜನರ ನಡುವಿನದು ಜಾಸ್ತಿ ಇರಬೇಕು, ಅಂಥ ದಿಕ್ಕು ಹುಡುಕು ಅಂತ ಕೇಳುವುದು. ಎರಡು ಗುಂಪಿಗೆ ಇದನ್ನು ಸಂಖ್ಯಾಶಾಸ್ತ್ರಜ್ಞ ಫಿಶರ್ 1936ರಲ್ಲಿ ಮಾಡಿದ್ದರು. ಹಲವು ಗುಂಪುಗಳಿಗೆ 1948ರಲ್ಲಿ ಬೆಳೆಸಿದವರು ಸಿ. ಆರ್. ರಾವ್, ನಮ್ಮ ಹೂವಿನ ಹಡಗಲಿಯಲ್ಲಿ ಹುಟ್ಟಿದವರು. ಕಲ್ಯಾಣ್ ಲೋಕಲ್‌ನಲ್ಲಿ ನಿಂತುಕೊಂಡೇ ಇದನ್ನು ಓದಿ ಪಕ್ಕದವನಿಗೆ ಹೇಳಬೇಕು ಅನ್ನಿಸಿತು, ಅವನಿಗೆ ಕನ್ನಡ ಬರಬೇಕಲ್ಲ.

ಇದರಲ್ಲೂ ಒಂದು ತೊಡಕಿದೆ. ಅಂಕಿ ಹತ್ತು ಸಾವಿರ, ಫೋಟೋ ಕೆಲವೇ ನೂರು, ನೇರವಾಗಿ ಮಾಡಿದರೆ ಲೆಕ್ಕಕ್ಕೆ ಬೇಕಾದ ಮ್ಯಾಟ್ರಿಕ್ಸ್‌ನ ವಿಲೋಮ (ಇನ್ವರ್ಸ್) ತೆಗೆಯಲು ಬರುವುದಿಲ್ಲ. ಹಾಗಾಗಿ ಮೊದಲು ಐಗನ್‌ಫೇಸ್‌ನಿಂದ ಅಂಕಿ ಇಳಿಸಿ ಆಮೇಲೆ ಇದು. ಒಂದೇ ಫೋಟೋ ಇರುವವರಿಂದ ಏನೂ ಕಲಿಯಲು ಆಗುವುದಿಲ್ಲ. ಹೆಸರು ಗೊತ್ತಿದ್ದ, ಕನಿಷ್ಠ ನಾಲ್ಕು ಫೋಟೋ ಇದ್ದ 31 ಜನರನ್ನು ಮಾತ್ರ ಇಟ್ಟುಕೊಂಡೆ. ಈಗ ಹತ್ತಕ್ಕೆ ಎಂಟು. ಟ್ಯೂಬ್‌ಲೈಟ್ ತಾನಾಗಿ ಹಿಂದೆ ಸರಿಯಿತು, ಯಾಕೆಂದರೆ ಅದು ಒಬ್ಬನದೇ ಫೋಟೋಗಳಲ್ಲೂ ಬದಲಾಗುತ್ತಿತ್ತು.

ಕೊನೆಯದು ದೂರ ಅಳೆಯುವ ವಿಷಯ. ಸಾದಾ ದೂರ ಬಿಟ್ಟು ಮಹಾಲನೋಬಿಸ್ ದೂರ ಹಾಕಿದೆ, ಅದೂ 1936ರದೇ, ಕಲ್ಕತ್ತಾದಲ್ಲಿ ಜನರ ತಲೆ ಮೂಗಿನ ಅಳತೆಗಳನ್ನು ಹೋಲಿಸಲು ಹೋಗಿ ಬಂದ ಲೆಕ್ಕ. ನಮ್ಮ ನಾಟಕದ ರಿಹರ್ಸಲ್‌ಗೆ ಗಡಿಯಾರ ನೋಡಿ ಬರುವವರು ಹತ್ತು ನಿಮಿಷ ತಡ ಮಾಡಿದರೆ ಏನೋ ಆಗಿದೆ ಅಂತ ಫೋನ್ ಮಾಡುತ್ತೇವೆ. ಯಾವಾಗಲೋ ಬರುವವರಿಗೆ ಅದೇ ಹತ್ತು ನಿಮಿಷ ಲೆಕ್ಕಕ್ಕಿಲ್ಲ. ಸಹಜವಾಗಿ ಎಷ್ಟು ಹರಡಿದೆಯೋ ಅದರ ಅಳತೆಗೋಲಿನಲ್ಲಿ ದೂರ ನೋಡುವುದು.

ಆ ದೂರಕ್ಕೆ ಒಂದು ಮಿತಿ ಇಡಲೇಬೇಕು, ದಾಟಿದರೆ "ಗೊತ್ತಿಲ್ಲ" ಅನ್ನಬೇಕು. ಇಡದಿದ್ದರೆ ಏನಾಗುತ್ತದೆ ಅಂತ ಯಕ್ಷಗಾನದ ಫೋಟೋಗಳು ತೋರಿಸಿದವು. ಬಣ್ಣದ ವೇಷದಲ್ಲಿ ಮುಖ ಇದೆ ಅಂತಲೇ ವಯೋಲ-ಜೋನ್ಸ್‌ಗೆ ಕಾಣಲಿಲ್ಲ. ನಾನೇ ಕತ್ತರಿಸಿ ಕೊಟ್ಟರೆ ನನ್ನ ಮಾದರಿ ಎಲ್ಲ ವೇಷಧಾರಿಗಳಿಗೂ ನಮ್ಮ ಮಾಜಿ ಖಜಾಂಚಿಯ ಹೆಸರು ಇಟ್ಟಿತು. ಅವರು ಜೀವಮಾನದಲ್ಲಿ ಗೆಜ್ಜೆ ಕಟ್ಟಿದವರಲ್ಲ, ಮೀಸೆ ಮಾತ್ರ ದಪ್ಪ. ವೇಷದ ಫೋಟೋಗಳನ್ನು ಪೂರ್ತಿ ಹೊರಗಿಟ್ಟೆ.

ಮಿತಿ ಬಿಗಿ ಮಾಡಿದ ಮೇಲೆ ಹೆಸರು ಹೇಳುವುದು ಕಡಿಮೆಯಾಯಿತು, ಹೇಳಿದ್ದು ಹೆಚ್ಚಾಗಿ ಸರಿ ಇತ್ತು. ಹೇಳಿದ ಪ್ರತಿ ಹೆಸರನ್ನೂ ಇಬ್ಬರು ಹಿರಿಯರಿಗೆ ತೋರಿಸಿಯೇ ಅಚ್ಚಿಗೆ ಕಳಿಸಿದೆ. ಇದನ್ನೇ ಬಾಗಿಲಿಗೆ ಹಾಕಿ ಹಾಜರಿ ತೆಗೆಯಬಹುದಲ್ಲ ಅಂತ ಒಬ್ಬರು ಕೇಳಿದರು. ಆಗುವುದಿಲ್ಲ ಅಂದೆ, ಹತ್ತಕ್ಕೆ ಎರಡು ತಪ್ಪುವ ವಾಚ್‌ಮನ್ ಯಾರಿಗೆ ಬೇಕು, ಅದೂ ಕೇಳದೆ ಜನರ ಮುಖ ಕೂಡಿಡುವುದು ಬೇರೆ. "ಗೊತ್ತಿಲ್ಲ" ಅನ್ನುವ ಫೋಲ್ಡರ್‌ನಲ್ಲಿ ಇನ್ನೂ 74 ಮುಖ ಇವೆ. ಪ್ರಿಂಟ್ ಹಾಕಿಸಿ ಮುಂದಿನ ಸಭೆಯ ಚಹಾದ ಮೇಜಿನ ಮೇಲೆ ಇಡುವುದು ಅಂತ ಇದ್ದೇನೆ. ಪ್ರಿಂಟ್ ಬೇರೆ ಅಂಗಡಿಯಲ್ಲಿ.