ಕಾರ್ಟಿಸಾಲ್‌ನ ಲಯಕ್ಕೆ ದಿನಚರಿಯನ್ನು ಹೊಂದಿಸಿಕೊಳ್ಳುವ ಬಗೆ

ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಬೆದರಿಕೆ ಎದುರಾದ ಕೆಲವೇ ಕ್ಷಣಗಳಲ್ಲಿ ಅಡ್ರಿನಲಿನ್ ಸ್ರವಿಸಿ ಎದೆಬಡಿತವನ್ನು ಏರಿಸುತ್ತವೆ. ಮಿದುಳಿನ ಹೈಪೋಥಲಾಮಸ್ ಮತ್ತು ಪಿಟ್ಯುಟರಿ ಗ್ರಂಥಿಗಳ ಸೂಚನೆಯಂತೆ ಅದೇ ಅಡ್ರಿನಲ್ ಗ್ರಂಥಿಗಳಿಂದ ಹೊರಬರುವ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ನಿಧಾನಗತಿಯದು. ಒತ್ತಡ ಶುರುವಾದ ಸುಮಾರು 20ರಿಂದ 30 ನಿಮಿಷಗಳಲ್ಲಿ ಅದು ಗರಿಷ್ಠ ಮಟ್ಟ ಮುಟ್ಟಿ, ರಕ್ತದ ಸಕ್ಕರೆಯನ್ನು ಹೆಚ್ಚಿಸಿ, ಸ್ನಾಯುಗಳಿಗೂ ಮಿದುಳಿಗೂ ಇಂಧನ ಸಿಗುವಂತೆ ಮಾಡುತ್ತದೆ. ಆದ್ದರಿಂದ ಜಗಳ ಮುಗಿದ ಮೇಲೂ ಮನಸ್ಸು ಕುದಿಯುತ್ತಿದ್ದರೆ ಅದನ್ನು ನಿಮ್ಮ ಸ್ವಭಾವದ ದೋಷವೆಂದು ಹಳಿದುಕೊಳ್ಳದೆ, ಮುಖ್ಯ ನಿರ್ಧಾರವನ್ನು ಒಂದು ಗಂಟೆಯಾದರೂ ಮುಂದಕ್ಕೆ ಹಾಕಿ. ಅಷ್ಟರಲ್ಲಿ, ಒಳಗೆಳೆದುಕೊಳ್ಳುವುದಕ್ಕಿಂತ ಹೊರಬಿಡುವ ಉಸಿರು ದೀರ್ಘವಾಗಿರುವಂತೆ ನಿಮಿಷಕ್ಕೆ ಸುಮಾರು 6 ಬಾರಿ ಉಸಿರಾಡಿದರೆ, ಮಿದುಳಿನಿಂದ ಹೃದಯಕ್ಕೆ ಸಾಗುವ ವೇಗಸ್ ನರದ ಮೂಲಕ ಹೃದಯದ ಓಟ ತಗ್ಗುತ್ತದೆ.

ಕಾರ್ಟಿಸಾಲನ್ನು ಶತ್ರುವೆಂದು ಚಿತ್ರಿಸುವುದು ನನಗೆ ಸರಿಕಾಣುವುದಿಲ್ಲ, ಏಕೆಂದರೆ ಬೆಳಗ್ಗೆ ನಮ್ಮನ್ನು ಚುರುಕುಗೊಳಿಸುವುದೂ ಅದೇ. ಎದ್ದ 30ರಿಂದ 45 ನಿಮಿಷಗಳಲ್ಲಿ ಏರುವ ಅದು ದಿನವಿಡೀ ಇಳಿಯುತ್ತಾ ನಡುರಾತ್ರಿಯ ಹೊತ್ತಿಗೆ ಕನಿಷ್ಠವಾಗುತ್ತದೆ. ಈ ಲಯವನ್ನು ಕಾಪಾಡಲು ದಿನವೂ ಒಂದೇ ಹೊತ್ತಿಗೆ ಎದ್ದು ಅಂಗಳದ ಬೆಳಕಿಗೆ ಬನ್ನಿ. ಕೆಫೀನಿನ ಅರ್ಧ ಭಾಗ ದೇಹದಿಂದ ಕರಗಲು ಸುಮಾರು 5 ಗಂಟೆ ಬೇಕಾಗುವುದರಿಂದ ಸಂಜೆಯ ಕಾಫಿಯನ್ನು ಬಿಡಿ. ಕಚೇರಿಯ ಸಂದೇಶಗಳನ್ನು ಹಾಸಿಗೆಯವರೆಗೆ ತರಬೇಡಿ. ವೈದ್ಯರ ಸಲಹೆಯಂತೆ ಬಹುಕಾಲದಿಂದ, ಕಾರ್ಟಿಸಾಲ್‌ನಂತೆಯೇ ಕೆಲಸ ಮಾಡುವ ಸ್ಟೀರಾಯ್ಡ್ ಮಾತ್ರೆ ಸೇವಿಸುತ್ತಿರುವವರು ಮಾತ್ರ ಅದನ್ನು ತಾವಾಗಿಯೇ ಏಕಾಏಕಿ ನಿಲ್ಲಿಸಬಾರದು. ದೇಹದ ಸ್ವಂತ ಕಾರ್ಟಿಸಾಲ್ ಉತ್ಪಾದನೆ ಕುಗ್ಗಿರುವ ಸ್ಥಿತಿಯಲ್ಲಿ ಹಾಗೆ ಮಾಡುವುದು ಪ್ರಾಣಾಪಾಯಕ್ಕೂ ಕಾರಣವಾಗಬಹುದು.