ನಮ್ಮದೇ ಬೀದಿಗೆ ಮಿಷನ್ ಟ್ರಿಪ್

ಬ್ಯಾಗ್ ತುಂಬಿಕೊಂಡು ಮನೆಯಿಂದ ಹೊರಟು, ಹತ್ತು ನಿಮಿಷ ನಡೆದು, ನಮ್ಮದೇ ಚರ್ಚ್ ಹಾಲ್‌ನಲ್ಲಿ ಹಾಸಿಗೆ ಬಿಚ್ಚಿದೆವು. ನಮ್ಮ ಯುವಜನ ಸಂಘದ ಐದು ದಿನದ ಮಿಷನ್ ಟ್ರಿಪ್, ಅಂದರೆ ಚರ್ಚ್‌ನಿಂದ ಸಾಮಾನ್ಯವಾಗಿ ದೂರದ ಊರಿಗೆ ಹೋಗುವ ಸೇವಾ ಪ್ರವಾಸ, ಶುರುವಾಗಿದ್ದು ಹೀಗೆ. "ಅಣ್ಣ, ಟೂತ್‌ಬ್ರಶ್ ಮರೆತುಬಂದೆ, ಓಡಿಹೋಗಿ ತರ್ಲಾ?" ಎಂದು ಒಬ್ಬ ಹುಡುಗ ಕೇಳಿದ. ಕಳಿಸಲಿಲ್ಲ. ಮನೆಗೆ ಹೋದವನು ಟಿವಿ ಮುಂದೆ ಕೂತರೆ ಮುಗೀತು.

ಇಂಥ ಟ್ರಿಪ್‌ಗೆ ಎಲ್ಲರೂ ತೋರಿಸುವ ಬೈಬಲ್ ವಚನ ಅಪೊಸ್ತಲರ ಕೃತ್ಯಗಳು 1:8. ನನಗೆ ಸಾಕ್ಷಿಗಳಾಗಿರಿ ಎಂದು ಯೇಸು ಶಿಷ್ಯರಿಗೆ ಹೇಳುವ ಮಾತು. ಮೊದಲು ಯೆರೂಸಲೇಮ್, ಆಮೇಲೆ ಯೂದಾಯ, ಸಮಾರ್ಯ, ಕೊನೆಗೆ ಲೋಕವೆಲ್ಲ. ಅಂದರೆ ಮೊದಲು ನಿಮ್ಮೂರು ಅಂತ ಅರ್ಥ ಹೇಳುತ್ತಾರೆ. ಆದರೆ ಆ ಶಿಷ್ಯರಲ್ಲಿ ಹೆಚ್ಚಿನವರು ಗಲಿಲಾಯದವರು. ಯೆರೂಸಲೇಮ್ ಅವರ ಹುಟ್ಟೂರೇ ಅಲ್ಲ, ಅಲ್ವಾ? ಅದಕ್ಕೇ ನಾನು ಹಿಡಿದುಕೊಂಡಿದ್ದು ಬೈಬಲಿನ ನೆಹೆಮೀಯ ಪುಸ್ತಕದ 3ನೇ ಅಧ್ಯಾಯ. ಬರೀ ಹೆಸರುಗಳ ಪಟ್ಟಿ ಅಂತ ನಾವೆಲ್ಲ ಹಾರಿಸಿ ಓದುವ ಭಾಗ. ಯೆರೂಸಲೇಮಿನ ಬಿದ್ದ ಗೋಡೆಯನ್ನು ಜನ ಹಂಚಿಕೊಂಡು ಕಟ್ಟುತ್ತಾರೆ. ಹಲವರಿಗೆ ಸಿಕ್ಕಿದ್ದು ತಮ್ಮ ಮನೆ ಎದುರಿನ ಭಾಗವೇ. ಸೊಟ್ಟಗೆ ಕಟ್ಟಿದರೆ ದಿನಾ ಬಾಗಿಲು ತೆಗೆದಾಗ ಅದೇ ಕಾಣುತ್ತದೆ. ಇದು ನನಗೆ ನಿಜವಾಗಿ ಅರ್ಥವಾಗಿದ್ದು ಟ್ರಿಪ್ ಮುಗಿದ ಮೇಲೆ.

ಮೊದಲೇ ಇಬ್ಬಿಬ್ಬರಾಗಿ ಮನೆಮನೆಗೆ ಹೋಗಿ, "ನಿಮಗೆ ಏನು ಸಹಾಯ ಬೇಕು?" ಎಂದು ಕೇಳಿದ್ದೆವು. ಎಲ್ಲರದೂ ಒಂದೇ ಉತ್ತರ: "ಏನೂ ಬೇಡಪ್ಪ." ಗುರುತಿನವರ ಮುಂದೆ ಕೈಚಾಚಲು ಸಂಕೋಚ. ನಾಳೆ ಅವರ ಮುಖ ನೋಡಬೇಕಲ್ಲ! ಆಮೇಲೆ ಪ್ರಶ್ನೆ ಬದಲಿಸಿದೆವು: "ಒಬ್ಬರ ಕೈಲಿ ಆಗದ ಕೆಲಸ ಏನಾದರೂ ಬಾಕಿ ಇದೆಯಾ?" ಆಗ ಮಾತು ಬಂತು. ಕಪಾಟು ಸರಿಸಬೇಕು, ಎತ್ತರದ ಬಲ್ಬ್ ಬದಲಿಸಬೇಕು, ಮಗಳಿಗೆ ವಿಡಿಯೋ ಕಾಲ್ ಮಾಡುವುದನ್ನು ಇನ್ನೊಮ್ಮೆ ಹೇಳಿಕೊಡಬೇಕು.

ನಿಯಮಗಳನ್ನು ದೂರದ ಟ್ರಿಪ್‌ನಷ್ಟೇ ಬಿಗಿಯಾಗಿ ಇಟ್ಟೆವು. ಪೋಷಕರ ಒಪ್ಪಿಗೆ ಪತ್ರ, ಮಕ್ಕಳಿರುವ ಕಡೆ ಯಾವಾಗಲೂ ಇಬ್ಬರು ದೊಡ್ಡವರು, ಕೇಳದೆ ಫೋಟೋ ಇಲ್ಲ. ಬ್ಲೀಚ್ ಜೊತೆ ಬೇರೆ ಯಾವ ಕ್ಲೀನರ್ ಕೂಡ ಬೆರೆಸುವಂತಿಲ್ಲ, ವಿಷದ ಗಾಳಿ ಏಳುತ್ತದೆ. ಒರಗಿಸುವ ಏಣಿಯ ಬುಡ ನಾಲ್ಕು ಅಡಿ ಎತ್ತರಕ್ಕೆ ಒಂದಡಿ ಲೆಕ್ಕದಲ್ಲಿ ಗೋಡೆಯಿಂದ ದೂರ ಇರಬೇಕು. ಇನ್ನೊಂದು: ಯಾರಾದರೂ ಕೇಳಿದರೆ ಜೊತೆಗೆ ಕೂತು ಪ್ರಾರ್ಥನೆ ಮಾಡೋಣ, ಆದರೆ ಕೆಲಸಕ್ಕೆ ಅದು ಶರತ್ತಲ್ಲ. ಬೇರೆ ನಂಬಿಕೆಯವರ ಮನೆಗಳೂ ನಮ್ಮ ಪಟ್ಟಿಯಲ್ಲಿದ್ದವು.

ದೂರದ ಊರಲ್ಲಿ ಮೊದಲ ದಿನವೇ ಎಲ್ಲರೂ ಸಂತರು. ಇಲ್ಲಿ ಹಾಗಿಲ್ಲ. ನಮ್ಮ ಹುಡುಗನೊಬ್ಬ ಒಂದು ಗೇಟಿನ ಮುಂದೆ ಗಕ್ಕನೆ ನಿಂತುಬಿಟ್ಟ. ಆ ಮನೆಯ ಹುಡುಗನ ಜೊತೆ ಆರು ತಿಂಗಳಿಂದ ಮಾತಿಲ್ಲವಂತೆ. ಬೇರೆ ಮನೆಗೆ ಹೋಗ್ತೀಯಾ ಎಂದೆ. ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದು ಒಳಗೆ ಹೋದ. ಇಬ್ಬರೂ ಮಾತಾಡಿಕೊಂಡರಾ, ನಾನು ಕೇಳಲಿಲ್ಲ.

ಈಗ ನಮ್ಮ ಬೀದಿಯ ಒಬ್ಬ ಅಜ್ಜಿಯ ಗೋಡೆಯ ಕಥೆ. ಹೊರಗೋಡೆಯ ಬಣ್ಣ ಎದ್ದಿತ್ತು. "ಮೊದಲು ಆ ಪೈಪ್ ನೋಡ್ರಪ್ಪ" ಎಂದು ಅಜ್ಜಿ ಎರಡು ಸಲ ಹೇಳಿದ್ದರು. ಮಳೆನೀರಿನ ಪೈಪ್ ಜಾಯಿಂಟ್‌ನಲ್ಲಿ ಸೋರುತ್ತಿತ್ತು. ನಮ್ಮವರಿಗೋ ಬ್ರಶ್ ಹಿಡಿಯುವ ಆತುರ, ಎರಡೇ ದಿನ ಉಳಿದಿತ್ತು. ಒಂದಿಷ್ಟು ಕೆರೆದು ಎರಡು ಕೋಟ್ ಹೊಡೆದೆವು. ಅಜ್ಜಿಯನ್ನು ನಡುವೆ ನಿಲ್ಲಿಸಿ ಫೋಟೋ ತೆಗೆದೆವು. ಭಾನುವಾರ ಸಭೆಯಲ್ಲಿ ಚಪ್ಪಾಳೆಯೂ ಸಿಕ್ಕಿತು.

ಮೂರು ವಾರಕ್ಕೆ ಬಣ್ಣ ಗುಳ್ಳೆ ಎದ್ದು ಸುಲಿಯಿತು. ಗೋಡೆಯೊಳಗಿನ ನೀರು ಹೊರಗೆ ಬರಲೇಬೇಕು, ಬರುವಾಗ ಬಣ್ಣವನ್ನೂ ತಳ್ಳುತ್ತದೆ, ಮೇಲೆ ಬಿಳಿ ಉಪ್ಪು ಬಿಡುತ್ತದೆ. ದೂರದ ಊರಾಗಿದ್ದರೆ ನನಗೆ ಇದು ಗೊತ್ತೇ ಆಗುತ್ತಿರಲಿಲ್ಲ. ಆ ಫೋಟೋದಲ್ಲಿ ಗೋಡೆ ಇವತ್ತಿಗೂ ಹೊಸದಾಗಿ ಹೊಳೆಯುತ್ತಿರುತ್ತಿತ್ತು. ನಾನು ದಿನಾ ಕೆಲಸಕ್ಕೆ ಹೋಗುವುದು ಆ ಗೋಡೆಯ ಮುಂದೆಯೇ. ಒಂದು ವಾರ ಸುತ್ತು ದಾರಿಯಲ್ಲಿ ಹೋದೆ, ಸುಳ್ಳು ಹೇಳಲ್ಲ.

ಕೊನೆಗೆ ಹೋಗಿ ಕ್ಷಮೆ ಕೇಳಿದೆ. ಅಜ್ಜಿ ಬೈಯಲಿಲ್ಲ, ಪೈಪ್ ಕಡೆ ಕೈ ತೋರಿಸಿದರು ಅಷ್ಟೇ. ಅದೇ ಬೀದಿಯ ಪ್ಲಂಬರ್ ಒಬ್ಬರು ಜಾಯಿಂಟ್ ಸರಿಮಾಡಿದರು. ಅವರು ನಮ್ಮ ಸಭೆಯವರಲ್ಲ. ನಮ್ಮ ಇಬ್ಬರು ಹುಡುಗರಿಗೆ ಕೆಲಸವನ್ನೂ ಕಲಿಸಿದರು. ಗೋಡೆ ಒಣಗಲು ವಾರಗಟ್ಟಲೆ ಬಿಟ್ಟೆವು. ಐದು ದಿನದ ಟ್ರಿಪ್‌ಗೆ ಅಷ್ಟು ಸಮಯ ಎಲ್ಲಿರುತ್ತೆ? ಇಲ್ಲೇ ಇರುವವರಿಗೆ ಇದೊಂದು ಅನುಕೂಲ, ಕಾಯಬಹುದು. ಆಮೇಲೆ ಒಣ ಬ್ರಶ್‌ನಲ್ಲಿ ಉಪ್ಪು ಉಜ್ಜಿ ತೆಗೆದು, ಸಡಿಲವಾದದ್ದನ್ನೆಲ್ಲ ಕೆರೆದು, ಪ್ರೈಮರ್ ಹಾಕಿ ಬಣ್ಣ ಹೊಡೆದೆವು. ಈ ಸಲ ಬಂದಿದ್ದು ಹನ್ನೊಂದರಲ್ಲಿ ನಾಲ್ಕೇ ಜನ.

ಮುಗಿದ ಮೇಲೆ ಅಭ್ಯಾಸಬಲದಿಂದ ಒಬ್ಬ ಹುಡುಗಿ ಫೋನ್ ತೆಗೆದಳು. ಅಜ್ಜಿ ಕೈ ಅಡ್ಡ ಹಿಡಿದರು. "ಈಗ ಬೇಡ. ಒಂದು ಮಳೆ ಹೋಗಲಿ, ಆಮೇಲೆ ತೆಗೀರಿ."